ಫ್ಯಾಕ್ಟ್ ಚೆಕ್: ಹುಳುಕಡ್ಡಿ ಮುಲಾಮು ‘ಮೈಗೆ ಒಗ್ಗಿಹೋಗುತ್ತದೆಯೇ’?

ನಂಜನಗೂಡು, ಟಿ. ನರಸೀಪುರ ಎಂದರೆ ಕಪಿಲೆ, ಕಾವೇರಿ, ನಾಲೆ, ಗದ್ದೆ. ಒದ್ದೆ ಬಟ್ಟೆಯಲ್ಲೇ ದಿನವಿಡೀ ದುಡಿಯುವವರ ಸೊಂಟ, ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುವುದು ಹೊಸತಲ್ಲ. ಆದರೆ ಈಗ ತಿಂಗಳುಗಟ್ಟಲೆ ಮುಲಾಮು ಹಚ್ಚಿದರೂ ಹಲವರಿಗೆ ವಾಸಿಯಾಗುವುದಿಲ್ಲ.

ಹೇಳಿಕೆ: “ಔಷಧಿ ಮೈಗೆ ಒಗ್ಗಿಹೋಗಿದೆ. ಇನ್ನೂ ಸ್ಟ್ರಾಂಗ್ ಕ್ರೀಮ್ ಹಚ್ಚಿ.”

ವಾಸ್ತವ: ತಪ್ಪು. ಬದಲಾಗಿರುವುದು ನಿಮ್ಮ ಮೈಯಲ್ಲ, ಫಂಗಸ್.

ಫಂಗಸ್ ಹೇಗೆ ಬದಲಾಯಿತು?

ಹೆಸರಿನಲ್ಲಿ ಹುಳುವಿದ್ದರೂ ಹುಳುಕಡ್ಡಿ ಫಂಗಸ್ ಸೋಂಕು. ಭಾರತದಲ್ಲಿ ವ್ಯಾಪಕವಾಗಿ ಹರಡಿರುವ ಫಂಗಸ್‌ಗೆ 2020ರಲ್ಲಿ ‘ಟ್ರೈಕೊಫೈಟಾನ್ ಇಂಡೋಟಿನಿಯೆ’ ಎಂಬ ಹೆಸರು ಬಂತು. ಟರ್ಬಿನಾಫಿನ್ ಔಷಧಿಗೆ ಇದು ಅನೇಕ ಸಲ ಜಗ್ಗುವುದಿಲ್ಲ.

ಫಂಗಸ್ ತನ್ನ ಪೊರೆ ಕಟ್ಟಿಕೊಳ್ಳಲು ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಪ್ರೋಟೀನ್ ಬೇಕು. ಬೀಗಕ್ಕೆ ಬೀಗದ ಕೈ ಕೂರುವಂತೆ ಟರ್ಬಿನಾಫಿನ್ ಅದರಲ್ಲಿ ಕೂತು ಕೆಲಸ ನಿಲ್ಲಿಸುತ್ತದೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಮಣಿಸರ. ಅದರ 393 ಅಥವಾ 397ನೇ ಮಣಿ ಬದಲಾದರೂ ಸಾಕು, ಔಷಧಿ ಸರಿಯಾಗಿ ಕೂರುವುದಿಲ್ಲ. ಔಷಧಿಗೆ ಉಳಿದವು ಸತ್ತರೂ ಇಂಥವು ಬದುಕಿ, ಒಬ್ಬರಿಂದೊಬ್ಬರಿಗೆ ಹರಡುತ್ತವೆ. ಹಾಗಾಗಿ ಒಮ್ಮೆಯೂ ಮುಲಾಮು ಹಚ್ಚದವರಿಗೂ ಔಷಧಿ ನಾಟದಿರಬಹುದು.

ಕ್ಯಾಂಡಿಡಾ ಎಂಬ ಫಂಗಸ್‌ನಲ್ಲಿ ಇನ್ನೊಂದು ದಾರಿಯಿದೆ. ಒಳಬಂದ ಔಷಧಿಯನ್ನು ಹೊರಹಾಕುವ ಪಂಪ್‌ಗಳ ಜೀನ್‌ಗಳಿಗೆ ಸ್ವಿಚ್‌ನಂಥ ಪ್ರೋಟೀನ್ ಇದೆ. ಅದು ಬದಲಾದರೆ, ಸ್ಟಾರ್ಟರ್ ಅಂಟಿಕೊಂಡ ಪಂಪ್‌ಸೆಟ್‌ನಂತೆ ಪಂಪ್ ಓಡುತ್ತಲೇ ಇರುತ್ತದೆ.

‘ಸ್ಟ್ರಾಂಗ್ ಕ್ರೀಮ್’ ಏಕೆ ಬೇಡ?

ಟ್ಯೂಬ್ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ತುರಿಕೆ, ಕೆಂಪು ಎರಡೇ ದಿನದಲ್ಲಿ ಇಳಿಯುತ್ತವೆ. ಆದರೆ ಚರ್ಮದ ರೋಗನಿರೋಧಕ ಶಕ್ತಿ ಕುಗ್ಗಿ ಫಂಗಸ್ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಿತು.

ಏನು ಮಾಡಬೇಕು?

• ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಬೇರೆ ಔಷಧಿಗಳಿವೆ, ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಲಿ.
• ತುರಿಕೆ ನಿಂತಿತೆಂದು ಔಷಧಿ ನಿಲ್ಲಿಸಬೇಡಿ.
• ಟವಲ್, ಒಳಉಡುಪು ಹಂಚಿಕೊಳ್ಳಬೇಡಿ, ಬಿಸಿಲಲ್ಲಿ ಒಣಗಿಸಿ.
• ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಿರಿ.

ಕ್ರೀಮಿನ ಫೋಟೊ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ನಾವು ಕೇಳುವುದು ಇಷ್ಟೇ.