ಗೂಡಲೂರಿನ ಜನ್ಮಂ ಭೂಮಿ: 1877ರ ಗೆರೆ, 1956ರ ವಿಂಗಡಣೆ

ಒಕ್ಕೂಟವೊಂದರಿಂದ ಹೊರಬರುವವರಿಗೆ ಮೊದಲು ಕಾಣುವುದು ಗಡಿ. ಬಹುಕಾಲ ಕಾಡುವುದು ಹಕ್ಕುಬಾಧ್ಯತೆಗಳು. ಬ್ರಿಟನ್ 2017ರ ಮಾರ್ಚ್ 29ರಂದು 50ನೆಯ ವಿಧಿಯನ್ವಯ ಐರೋಪ್ಯ ಒಕ್ಕೂಟಕ್ಕೆ ತಿಳಿವಳಿಕೆ ಪತ್ರ ನೀಡಿ, 2020ರ ಜನವರಿ 31ರಂದು ಹೊರಬಂದಿತು. ಆ ನಡುವಿನ ಮಾತುಕತೆಯು ಮುಖ್ಯವಾಗಿ ಹಣಕಾಸಿನ ಲೆಕ್ಕ, ನೆಲೆಸಿದ್ದ ನಾಗರಿಕರ ಹಕ್ಕು ಮತ್ತು ಐರ್ಲೆಂಡಿನ ಗಡಿಗಳ ಸುತ್ತ ನಡೆಯಿತು. ದಕ್ಷಿಣ ಭಾರತದಲ್ಲಿ ಇದಕ್ಕೆ ಹತ್ತಿರವಾದ ಅನುಭವವೆಂದರೆ ಬಹುಭಾಷಿಕ ಮದ್ರಾಸ್ ರಾಜ್ಯದ ವಿಘಟನೆ. ಆದರೆ ಅಲ್ಲಿ ಹೊರಡುವವರಿಗೆ ಮಾತುಕತೆಯ ಹಕ್ಕೇ ಇರಲಿಲ್ಲ. ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ನಿರ್ಧರಿಸುವುದು ಸಂಸತ್ತು. ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಸಮ್ಮತಿ ಬೇಕಿಲ್ಲ.

ಹೀಗಾಗಿ ಮಾತುಕತೆಯ ಸ್ಥಾನವನ್ನು ಮನವಿಪತ್ರ ಆಕ್ರಮಿಸಿತು. 1953ರ ಡಿಸೆಂಬರಿನಲ್ಲಿ ನೇಮಕಗೊಂಡ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ಆಯೋಗಕ್ಕೆ 1,52,250 ದಾಖಲೆಗಳು ಸಲ್ಲಿಕೆಯಾದವು. ಅದು ಒಂಬತ್ತು ಸಾವಿರಕ್ಕೂ ಮಿಕ್ಕಿದ ಜನರನ್ನು ಸಂದರ್ಶಿಸಿತು. ಏಕೀಕರಣವಾದಿಗಳ ಕರ್ನಾಟಕದ ಕಲ್ಪನೆಯಲ್ಲಿ ನೀಲಗಿರಿಯೂ ಇತ್ತು. ಬಡಗರ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಭಾಷಾಶಾಸ್ತ್ರದ ಪ್ರಶ್ನೆಗೆ ಇದರಿಂದ ನೆಲದ ಹಕ್ಕಿನ ತೂಕ ಬಂದಿತು. 1956ರ ನವೆಂಬರ್ 1ರಂದು ಕೊಯಮತ್ತೂರಿನ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ, ಮಲಬಾರ್ ಕೇರಳಕ್ಕೆ ಸೇರಿದವು. ನೀಲಗಿರಿ ಇಡಿಯಾಗಿ ಮದ್ರಾಸಿನಲ್ಲಿಯೇ ಉಳಿಯಿತು.

ಈ 'ಇಡಿಯಾಗಿ' ಎಂಬ ಮಾತಿನೊಳಗೆ ಹಳೆಯ ಗೆರೆಯೊಂದು ಅಡಗಿದೆ. ನಂಬಲಕೋಡು, ಚೇರಂಕೋಡು, ಮುನನಾಡು ಅಂಶಗಳನ್ನೊಳಗೊಂಡ ಆಗ್ನೇಯ ವಯನಾಡು 1877ರವರೆಗೆ ಮಲಬಾರ್ ಜಿಲ್ಲೆಯ ಭಾಗವಾಗಿತ್ತು. ಆ ವರ್ಷ ಅದು ನೀಲಗಿರಿಗೆ ವರ್ಗವಾಯಿತು. ಇಂದಿನ ಗೂಡಲೂರು, ಪಂದಲೂರು ಸೀಮೆಗಳೇ ಅವು. ಎರಡೂ ಜಿಲ್ಲೆಗಳು ಒಂದೇ ಪ್ರೆಸಿಡೆನ್ಸಿಯಲ್ಲಿದ್ದುದರಿಂದ ಅಂದು ಅದು ಕೇವಲ ಆಡಳಿತದ ವ್ಯವಸ್ಥೆ. ಭೂಹಿಡುವಳಿ ಮಾತ್ರ ಮಲಬಾರಿನ ಜನ್ಮಂ ಪದ್ಧತಿಯದಾಗಿಯೇ ಉಳಿದು, ಜನ್ಮಿತ್ವ ನಿಲಂಬೂರು ಕೋವಿಲಕಂನ ಕೈಯಲ್ಲಿತ್ತು. ಎಪ್ಪತ್ತೊಂಬತ್ತು ವರ್ಷಗಳ ಬಳಿಕ ಅದೇ ಗೆರೆ ರಾಜ್ಯಗಳ ಗಡಿಯಾದಾಗ, ಜನ್ಮಿಯ ಮನೆ ಕೇರಳದಲ್ಲಿಯೂ ಅವನ ಜನ್ಮಂ ಮದ್ರಾಸಿನಲ್ಲಿಯೂ ಉಳಿದವು. ಪಣಿಯರ ನೆಲೆಗಳು ಗೆರೆಯ ಎರಡೂ ಬದಿಗೆ ಹಂಚಿಹೋದವು.

ಪುನರ್ವಿಂಗಡಣಾ ಕಾಯಿದೆಯು ಆಸ್ತಿ, ಸಾಲಗಳ ಹಂಚಿಕೆಗೆ ವಿವರವಾದ ನಿಯಮಗಳನ್ನು ಮಾಡಿತು. ಜಾರಿಯಲ್ಲಿದ್ದ ಕಾನೂನುಗಳು ಬದಲಾಗುವತನಕ ಮುಂದುವರಿಯುವವೆಂದಿತು. ಬದಲಾವಣೆ ಮಾತ್ರ ಎರಡು ಶಾಸನಸಭೆಗಳ ಕೈಗೆ ಹೋಯಿತು. ವಯನಾಡಿನಲ್ಲಿ ಗೇಣಿದಾರರ ಹಿಡುವಳಿಯ ಮೇಲಿದ್ದ ಒಡೆಯರ ಹಕ್ಕು 1970ರ ಜನವರಿ 1ರಂದು ಕೇರಳ ಸರ್ಕಾರದಲ್ಲಿ ನಿಹಿತವಾಯಿತು. ತಮಿಳುನಾಡು 1969ರಲ್ಲಿ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯಿದೆಯನ್ನು ರಚಿಸಿದರೂ ಅದು ಜಾರಿಗೆ ಬಂದುದು 1974ರ ನವೆಂಬರ್ 27ರಂದು. ಸುಮಾರು 80 ಸಾವಿರ ಎಕರೆ ಅದರ ವ್ಯಾಪ್ತಿಗೆ ಒಳಪಟ್ಟಿತು.

ನಡುವಿನ ಐದು ವರ್ಷಗಳಲ್ಲಿ ವಿವಾದ ನ್ಯಾಯಾಲಯವನ್ನೇರಿತ್ತು. 1972ರ ಬಾಲ್ಮಡೀಸ್ ಪ್ಲಾಂಟೇಷನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ಜನ್ಮಂ ಅರಣ್ಯಗಳ ವರ್ಗಾವಣೆಯನ್ನು ಅಸಿಂಧುವೆಂದಿತು. 1974ರ ಮೂವತ್ತನಾಲ್ಕನೆಯ ತಿದ್ದುಪಡಿಯು ಕಾಯಿದೆಯನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಆ ರಕ್ಷಣೆಯನ್ನೇ ಪ್ರಶ್ನಿಸಿದ ಐ. ಆರ್. ಕೊಯೆಲ್ಹೊ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2007ರ ಜನವರಿ 11ರಂದು, 1973ರ ಏಪ್ರಿಲ್ 24ರ ನಂತರ ಅನುಸೂಚಿಗೆ ಸೇರಿದ ಕಾನೂನುಗಳನ್ನು ಸಂವಿಧಾನದ ಮೂಲಸ್ವರೂಪದ ಒರೆಗೆ ಹಚ್ಚಬಹುದೆಂದು ತೀರ್ಪಿತ್ತಿತು. ಭಾರತದ ಸಂವಿಧಾನ ವ್ಯಾಖ್ಯಾನದ ಮಹತ್ವದ ತೀರ್ಪೊಂದರ ಬುಡದಲ್ಲಿ ಗೂಡಲೂರಿನ ಭೂಮಿಯಿದೆ.

ತೋಟದ ಕಂಪನಿಗಳು ಇಷ್ಟು ದೀರ್ಘ ವ್ಯಾಜ್ಯವನ್ನು ನಡೆಸಬಲ್ಲವು. ರೈತವಾರಿ ಪಟ್ಟಾ ಪಡೆಯಲು 1969ಕ್ಕೆ ಹಿಂದಿನ ನಿರಂತರ ಸಾಗುವಳಿಯನ್ನು ಸಾಬೀತುಪಡಿಸಬೇಕಾದ ಸಣ್ಣ ಹಿಡುವಳಿದಾರನಿಗೆ ಅದು ಸಾಧ್ಯವಿರಲಿಲ್ಲ. ಕಾಗದಗಳಿಲ್ಲದ ಪಣಿಯ, ಕುರುಂಬರಿಗಂತೂ ತಲೆಮಾರುಗಳ ವಾಸವೇ ಸಾಕ್ಷಿ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಫಲವಾಗಿ ಶ್ರೀಲಂಕಾದಿಂದ ಮರಳಿ ಈ ಬೆಟ್ಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳು ಆ ಕಾಲಮಿತಿಯ ಆಚೆಗೇ ಉಳಿದವು.

ನೀಲಗಿರಿ ಯಾರದೆಂಬ ಚರ್ಚೆಯಲ್ಲಿ ಮೂರೂ ಕಡೆಯವರು ನುಡಿಗಳನ್ನು ಎಣಿಸಿದರು. ಗೂಡಲೂರಿನಲ್ಲಿ ಉಳುವವನಿಗೆ ಬೇಕಾಗಿದ್ದ ಉತ್ತರ ಆ ಎಣಿಕೆಯಿಂದ ದೊರೆಯುವಂತಿರಲಿಲ್ಲ. ಹಿಡುವಳಿಯ ಪ್ರಶ್ನೆಯನ್ನು ವಿಂಗಡಣೆಗೆ ಮೊದಲೇ ಇತ್ಯರ್ಥಪಡಿಸದೆ ಗೆರೆ ಎಳೆದುದರ ಬೆಲೆಯನ್ನು ತೆತ್ತವರು ಆ ಮನವಿಪತ್ರಗಳನ್ನು ಬರೆದವರಲ್ಲ.