ವ್ರತವೂ ವೃತ್ತಿಯೂ ಒಂದಾದ ಬಾಳು: ಸಿಸ್ಟರ್ ಡಾಕ್ಟರ್ ಮೇರಿ ಗ್ಲೌರಿ

ಶತಮಾನೋತ್ಸವದ ಸಂಭ್ರಮದಲ್ಲಿ ನಾವು ದೇವಾಲಯಗಳನ್ನು ಕಟ್ಟಿಸಿದವರನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ರೋಗಿಯ ಹಾಸಿಗೆಯ ಬಳಿ ನಿಂತು ಧರ್ಮಸಭೆಯನ್ನು ಕಟ್ಟಿದವರ ಋಣವೂ ನಮ್ಮ ಮೇಲಿದೆ. ಅಂಥವರಲ್ಲಿ ಸಿಸ್ಟರ್ ಡಾಕ್ಟರ್ ಮೇರಿ ಗ್ಲೌರಿಯವರು ಪ್ರಾತಃಸ್ಮರಣೀಯರು.

1887ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಜನಿಸಿದ ಈ ಮಹಿಳೆ, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವೈದ್ಯಪದವಿ ಪಡೆದರು. ಹೆಣ್ಣುಮಕ್ಕಳು ವೈದ್ಯರಾಗುವುದೇ ಅಪರೂಪವಾಗಿದ್ದ ಕಾಲವದು. ಮೆಲ್ಬರ್ನಿನ ನೇತ್ರ ಮತ್ತು ಕರ್ಣ ಚಿಕಿತ್ಸಾಲಯದಲ್ಲಿಯೂ ಸ್ವಂತ ವೃತ್ತಿಯಲ್ಲಿಯೂ ಅವರು ನೆಲೆನಿಂತರು. ಕೀರ್ತಿ, ಸಂಪಾದನೆ ಎರಡೂ ಕೈಗೆಟುಕುವಂತಿದ್ದವು.

1915ರಲ್ಲಿ ಒಂದು ಕಿರುಹೊತ್ತಗೆ ಅವರ ಕೈಸೇರಿತು. ಭಾರತದ ಸ್ತ್ರೀಯರಿಗಾಗಿ ಶ್ರಮಿಸಿದ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್‌ರನ್ನು ಕುರಿತದ್ದು ಅದು. ಪುರುಷ ವೈದ್ಯರ ಮುಂದೆ ಬರಲಾರದ ತಾಯಂದಿರೂ ಅವರ ಹಸುಗೂಸುಗಳೂ ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದರೆಂಬುದನ್ನು ತಿಳಿದು ಅವರ ಮನಸ್ಸು ಕಲಕಿತು. ಆದರೂ ಆತುರಪಡಲಿಲ್ಲ. ಆ ತಾಯಂದಿರಿಗೆ ಬೇಕಾದ ವಿದ್ಯೆಯನ್ನೇ ಅರಸಿ, 1919ರಲ್ಲಿ ಪ್ರಸೂತಿ, ಸ್ತ್ರೀರೋಗ, ನೇತ್ರಚಿಕಿತ್ಸೆಗಳಲ್ಲಿ ಎಂ.ಡಿ. ಪದವಿ ಗಳಿಸಿದರು. 1920ರ ಫೆಬ್ರವರಿಯಲ್ಲಿ ತೆಲುಗುನಾಡಿನ ಗುಂಟೂರನ್ನು ತಲುಪಿ, ಯೇಸು ಮರಿಯ ಜೋಸೆಫರ ಕನ್ಯಾಸ್ತ್ರೀಯರ ಸಭೆಯನ್ನು ಸೇರಿದರು.

ಇಲ್ಲೊಂದು ತೊಡಕಿತ್ತು. ಧರ್ಮಸಭೆಯ ಅಂದಿನ ಶಾಸನವು ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವುದನ್ನು ಒಪ್ಪುತ್ತಿರಲಿಲ್ಲ. ವ್ರತವೋ ವೃತ್ತಿಯೋ ಎಂಬ ಪ್ರಶ್ನೆಗೆ ಜಗದ್ಗುರು ಪೋಪರ ವಿಶೇಷ ಅನುಮತಿಯಿಂದ ಪರಿಹಾರ ದೊರೆಯಿತು. 1936ರಲ್ಲಿ ರೋಮ್ ಆ ನಿರ್ಬಂಧವನ್ನೇ ಸಡಿಲಿಸಿದಾಗ, ಅವರು ಒಂಟಿಯಾಗಿ ನಡೆದ ಹಾದಿ ಅನೇಕರಿಗೆ ತೆರೆಯಿತು.

ಗುಂಟೂರಿನಲ್ಲಿ ಸಂತ ಜೋಸೆಫರ ಆಸ್ಪತ್ರೆಯನ್ನು ಬೆಳೆಸಿದ ಅವರು, ಸ್ಥಳೀಯ ಯುವತಿಯರನ್ನು ದಾದಿಯರನ್ನಾಗಿಯೂ ಸೂಲಗಿತ್ತಿಯರನ್ನಾಗಿಯೂ ತರಬೇತುಗೊಳಿಸಿದರು. ನಾಡಿನ ಗಿಡಮೂಲಿಕೆಗಳನ್ನೂ ಅಭ್ಯಸಿಸಿದರು. ಒಬ್ಬ ವೈದ್ಯೆಯ ಕೈಗಳು ಎಲ್ಲೆಡೆಗೂ ಎಟುಕವೆಂಬುದನ್ನು ಕಂಡುಕೊಂಡು, 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಭಾರತದಲ್ಲೊಂದು ಕಥೋಲಿಕ ವೈದ್ಯಕೀಯ ಕಾಲೇಜು ಏಳಬೇಕೆಂಬುದು ಅವರ ಬಹುದಿನದ ಹಂಬಲವಾಗಿತ್ತು.

ಆ ಹಂಬಲ ಈಡೇರಿದ್ದನ್ನು ಅವರು ಕಾಣಲಿಲ್ಲ. ಅರ್ಬುದ ರೋಗಕ್ಕೆ ತುತ್ತಾಗಿ 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಆರು ವರ್ಷಗಳ ತರುವಾಯ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. 2013ರಲ್ಲಿ ಧರ್ಮಸಭೆಯು ಅವರನ್ನು 'ದೇವರ ಸೇವಕಿ' ಎಂದು ಘೋಷಿಸಿತು.

ದೇವರ ಕರೆಗೆ ಓಗೊಡಲು ಕಲಿತ ವಿದ್ಯೆಯನ್ನು ತೊರೆಯಬೇಕಾಗಿಲ್ಲ. ಅದರ ಫಲವನ್ನು ತನಗಾಗಿ ಇಟ್ಟುಕೊಳ್ಳದಿದ್ದರೆ ಸಾಕು. ನಮ್ಮ ಮಕ್ಕಳು ಪದವಿಗಳನ್ನು ಪಡೆದು ಮನೆಗೆ ಮರಳುವಾಗ, ಆ ವಿದ್ಯೆ ಯಾರ ಬಾಗಿಲನ್ನು ತಟ್ಟುವುದೆಂದು ನಾವು ಕೇಳೋಣ.