ಬುರ್ಲಿ ಹಕ್ಕಿ, ಮಣ್ಣುಂಡೆ ಬಿಲ್ಲು, ನಮ್ಮ ಆವನಿ ಹೊಲ

ಆವನಿ ಬೆಟ್ಟ ಹತ್ತಿದವರಿಗೆಲ್ಲ ಗೊತ್ತು, ನಮ್ಮೂರಲ್ಲಿ ಬಹಳ ಕಥೆಗಳು ಬಿಲ್ಲಿನ ಕಥೆಗಳೇ. ವಾಲ್ಮೀಕಿ ಆಶ್ರಮ ಇಲ್ಲಿತ್ತು, ಸೀತಮ್ಮ ಲವ ಕುಶರನ್ನ ಹೆತ್ತಿದ್ದು ಇಲ್ಲೇ, ಆ ಮಕ್ಕಳು ಬಿಲ್ಲು ಹಿಡ್ಕೊಂಡು ಅಪ್ಪನ ಸೈನ್ಯವನ್ನೇ ತಡೆದಿದ್ದೂ ಇಲ್ಲೇ ಅಂತ ಹಿರಿಯರು ಹೇಳ್ಕೊಂಡು ಬಂದಿದ್ದಾರೆ. ಮಕ್ಕಳಾಗ್ಲಿ ಅಂತ ಹೆಂಗಸರು ಮೀಯೋ ತೀರ್ಥದ ಹೆಸರೂ ಧನುಷ್ಕೋಟಿ, ಅಂದ್ರೆ ಬಿಲ್ಲಿನ ತುದಿ. ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ನೊಳಂಬರ ಕಾಲದ ಗುಡಿಗಳ ಸಾಲೇ ಅದೆ. ನಮ್ಮ ಜಿಲ್ಲೆ ವೀರಗಲ್ಲುಗಳನ್ನ ನೋಡಿ, ದನ ಕಾಯೋಕೆ ಹೋಗಿ ಸತ್ತ ವೀರನ ಕೈಯಲ್ಲೂ ಎಷ್ಟೋ ಕಡೆ ಬಿಲ್ಲೇ.

ಅದೆಲ್ಲ ದೊಡ್ಡ ಬಿಲ್ಲು. ಸಣ್ಣ ಬಿಲ್ಲಿನ ವಿಷಯ ಕಲ್ಲಲ್ಲಿ ಯಾರೂ ಕೆತ್ತಿಸಲಿಲ್ಲ. ರಾಗಿ ಹೊಲದಲ್ಲಿ ಬುರ್ಲಿ, ಗೌಜಲು, ಬೆಳವ ಹೊಡೀತಾ ಇದ್ದ ಬಿಲ್ಲು, ಆಮೇಲೆ ಒಲೆ ಮುಂದೆ ಕೂತು ಆ ಹಕ್ಕಿ ಪುಕ್ಕ ತರೀತಾ ಇದ್ದ ಹೆಂಗಸರು, ಇವರ ವಿಷಯ ಇವತ್ತು ಬರೀತೀನಿ.

ಮೊದಲು ಹಕ್ಕಿ. ಬುರ್ಲಿ ಅಂದ್ರೆ ಲಾವಕ್ಕಿ. ಸಂಸ್ಕೃತದಲ್ಲಿ ಲಾವಕ. ಮುಷ್ಟಿ ಗಾತ್ರ, ಒಣಗಿದ ಹುಲ್ಲಿನ ಬಣ್ಣ, ಬಾಲ ಇದ್ಯೋ ಇಲ್ವೋ ಅನ್ನೋ ಹಾಗೆ. ಪುಕ್ಕ ಸಮೇತ ತೂಗಿದ್ರೂ ನೂರು ಗ್ರಾಂ ಮುಟ್ಟೋದು ಕಷ್ಟ. ಮರದ ಮೇಲೆ ಕೂರೋದಿಲ್ಲ, ನೆಲದಲ್ಲೇ ಓಡ್ತದೆ, ನಾವು ಇನ್ನೇನು ತುಳಿದ್ವಿ ಅನ್ನೋವರೆಗೂ ಕದಲೋದಿಲ್ಲ, ಆಮೇಲೆ ಕಾಲ ಬುಡದಿಂದ ಬುರ್ರ್ ಅಂತ ಎದ್ದು ಸ್ವಲ್ಪ ದೂರದಲ್ಲಿ ಮತ್ತೆ ಹುಲ್ಲಿಗೆ ಬೀಳ್ತದೆ. ಒಂದು ಜಾತಿ ಚಳಿಗಾಲದಲ್ಲಿ ಉತ್ತರದಿಂದ ಬಂದು ಹೋಗ್ತದೆ, ಇನ್ನೊಂದು ಮಳೆಗಾಲದಲ್ಲಿ ನಮ್ಮ ಹೊಲದಲ್ಲೇ ಮೊಟ್ಟೆ ಇಡ್ತದೆ. ಗೌಜಲು ಇದಕ್ಕಿಂತ ದೊಡ್ಡದು, ಬೆಳಗಿನ ಹೊತ್ತು ಊರಿಗೆಲ್ಲ ಕೇಳೋ ಹಾಗೆ ಕೂಗ್ತದೆ.

ಇಷ್ಟು ಸಣ್ಣ ಹಕ್ಕಿಗೆ ಚೂಪು ಬಾಣ ಬಿಟ್ರೆ ಏನಾಗ್ತದೆ ಯೋಚನೆ ಮಾಡಿ. ತಗಲಿದ್ರೆ ಹಕ್ಕಿ ಹರಿದೇ ಹೋಗ್ತದೆ, ಪಾತ್ರೆಗೆ ಹಾಕೋಕೆ ಏನೂ ಉಳಿಯಲ್ಲ. ತಗಲದಿದ್ರೆ ಬಾಣ ಹುಲ್ಲಲ್ಲಿ ಕಳೆದುಹೋಗ್ತದೆ, ಒಂದು ಬಾಣ ಕೆತ್ತೋಕೆ ಅರ್ಧ ದಿನದ ಕೆಲಸ. ಅದಕ್ಕೇ ಹಕ್ಕಿ ಬೇಟೆಗೆ ಬೇರೆ ಉಪಾಯ. ಒಂದು, ಮೊಂಡು ಬಾಣ, ತುದಿಗೆ ಕಬ್ಬಿಣದ ಬದಲು ಮರದ ಗುಬುಟು. ಇನ್ನೊಂದು, ಬಾಣವೇ ಇಲ್ಲದ ಬಿಲ್ಲು. ಬಿದಿರಿನ ಬಿಲ್ಲಿಗೆ ಒಂದರ ಬದಲು ಎರಡು ಹುರಿ ಕಟ್ಟಿ, ನಡುವೆ ಒಂದು ಸಣ್ಣ ಬಟ್ಟೆಯೋ ತೊಗಲೋ ಕೂರಿಸ್ತಾರೆ. ಅದರಲ್ಲಿ ಒಣಗಿದ ಮಣ್ಣಿನ ಉಂಡೆ ಇಟ್ಟು ಎಳೆದು ಬಿಡೋದು. ನಮ್ಮ ಕಡೆ ತೆಲುಗು ಮಾತಾಡೋ ಮನೆಗಳಲ್ಲಿ ಇದಕ್ಕೆ ಉಂಡೇಲು ಅಂತಾರೆ, ಹಿಂದಿಯವರು ಗುಲೇಲ್ ಅಂತಾರೆ. ಈಗ ಆ ಎರಡು ಹೆಸರನ್ನೂ ಹುಡುಗರ ಕ್ಯಾಟರ್‌ಬಿಲ್ಲಿಗೂ ಹೇಳ್ತಾರೆ, ಆದ್ರೆ ರಬ್ಬರ್ ಟ್ಯೂಬ್ ಬರೋಕೆ ಮುಂಚೆ ಉಂಡೇಲು ಅಂದ್ರೆ ನಿಜವಾದ ಬಿಲ್ಲೇ.

ಇದನ್ನ ಹೊಡೆಯೋದು ನೋಡಿದಷ್ಟು ಸುಲಭ ಅಲ್ಲ. ಉಂಡೆ ಬಿಟ್ಟ ಕ್ಷಣದಲ್ಲೇ ಬಿಲ್ಲು ಹಿಡಿದ ಕೈಯನ್ನ ಸ್ವಲ್ಪ ತಿರುಗಿಸ್ಬೇಕು, ಇಲ್ದಿದ್ರೆ ಉಂಡೆ ನೇರ ಬಂದು ಹೆಬ್ಬೆರಳಿಗೆ ಬಡೀತದೆ. ಹಾರೋ ಹಕ್ಕಿಗೆ ಹೊಡೆಯೋದು ಅಪರೂಪ. ನೆಲದಲ್ಲಿ ಕಾಳು ಹೆಕ್ಕೋವಾಗ, ನೀರಿಗೆ ಬಂದಾಗ ಕಾದು ಕೂತು ಹೊಡೀಬೇಕು. ಉಂಡೆಗೆ ಕೆರೆ ಜೇಡಿಮಣ್ಣೇ ಬೇಕು. ಅದನ್ನ ನಾದಿ ನಾದಿ ನೆಲ್ಲಿಕಾಯಿ ಗಾತ್ರಕ್ಕೆ ಉರುಟಿ ಒಣಗಿಸ್ಬೇಕು. ಅಂಕುಡೊಂಕು ಆದ್ರೆ ದಾರಿ ತಪ್ತದೆ. ರಾಗಿಮುದ್ದೆ ತೊಳಿಸೋ ಕೈಗೆ ಅಂಥ ಉಂಡೆ ಕಟ್ಟೋದು ಎಷ್ಟು ಹೊತ್ತು? ಬೇಟೆಗೆ ಗಂಡಸಿನ ಹೆಸರಿದ್ರೂ ಮಣ್ಣು ನಾದೋ ಹದ ಯಾರಿಗೆ ಚೆನ್ನಾಗಿ ಗೊತ್ತು ಅಂತ ನಮಗೆ ಗೊತ್ತು.

ಆದ್ರೆ ಒಂದು ಮಾತು. ಅಡಿಗೆ ಮನೆಗೆ ಬಂದ ಹಕ್ಕಿ ಎಲ್ಲಾ ಬಿಲ್ಲಿಂದ ಬಂದಿದ್ದಲ್ಲ. ಬಿಲ್ಲಿಂದ ದಿನಕ್ಕೆ ಎರಡೋ ಮೂರೋ ಸಿಕ್ಕಾವು. ರಾಶಿ ಹಕ್ಕಿ ಬರ್ತಾ ಇದ್ದಿದ್ದು ಬಲೆಯಿಂದ, ಉರುಳಿನಿಂದ. ಪಳಗಿಸಿದ ಗೌಜಲನ್ನ ಪಂಜರದಲ್ಲಿಟ್ಟು ಕೂಗಿಸಿದ್ರೆ ಕಾಡಿನ ಗೌಜಲು ಜಗಳಕ್ಕೆ ಓಡಿ ಬರ್ತದೆ, ಸುತ್ತ ಉರುಳು ಇರ್ತದೆ. ಬೇಟೆಗೆ ಹೀಗೆ ಪಳಗಿಸಿ ಇಟ್ಟ ಪ್ರಾಣಿಗೆ ಹಳೇ ಕನ್ನಡದಲ್ಲಿ ದೀಹ ಅನ್ನೋ ಮಾತೇ ಇತ್ತು.

ಇದು ಬರೀ ಬಡವರ ಊಟ ಅಂದ್ಕೋಬೇಡಿ. ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಮಾನಸೋಲ್ಲಾಸ ಅಂತ ಒಂದು ದೊಡ್ಡ ಸಂಸ್ಕೃತ ಗ್ರಂಥ ಬರೆಸಿದ. ಕಲ್ಯಾಣ ಅಂದ್ರೆ ಈಗಿನ ಬೀದರ್ ಜಿಲ್ಲೆ ಬಸವಕಲ್ಯಾಣ. ಇಡ್ಲಿ ಚರಿತ್ರೆ ಬಂದಾಗೆಲ್ಲ ಆ ಪುಸ್ತಕದ ಹೆಸರು ಕೇಳಿರ್ತೀರ. ಅದೇ ಪುಸ್ತಕದಲ್ಲಿ ಬೇಟೆಗೆ ಒಂದು ಭಾಗ, ಡೇಗೆ ಹಕ್ಕಿ ಬಿಟ್ಟು ಹಕ್ಕಿ ಹಿಡಿಸೋದಕ್ಕೆ ಒಂದು ಭಾಗ, ಲಾವಕ್ಕಿ ಕಾಳಗಕ್ಕೇ ಒಂದು ಭಾಗ ಅದೆ. ಕೋಳಿ ಅಂಕದ ಹಾಗೆ ಬುರ್ಲಿ ಅಂಕ! ಮುಷ್ಟಿ ಗಾತ್ರದ ಹಕ್ಕಿ ಅರಮನೆ ಅಂಗಳದಲ್ಲಿ ಕಾದಾಡೋದನ್ನ ರಾಜರು ಕೂತು ನೋಡ್ತಾ ಇದ್ರು.

ನಮ್ಮ ಮುಳಬಾಗಿಲು ಸೀಮೆ ವಿಜಯನಗರದವರ ಕೈಲಿದ್ದಾಗ ಮುಳುವಾಯಿ ರಾಜ್ಯ ಅನ್ನೋರು. ರಾಜಧಾನಿಯ ಸಂತೆ ಹೇಗಿತ್ತು ಅಂತ ಪರದೇಶದವರು ಬರೆದಿಟ್ಟಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗಲ್ಲಿನ ಪಾಯೆಸ್, ಗೌಜಲು, ಲಾವಕ್ಕಿ, ಮೊಲ ಎಲ್ಲಾ ಜೀವಂತವಾಗೇ ಮಾರ್ತಾರೆ, ಬೆಲೆನೂ ಬಹಳ ಕಡಿಮೆ ಅಂತಾನೆ. ಆಮೇಲೆ ಬಂದ ನ್ಯೂನಿಜ್ ಅನ್ನೋ ಕುದುರೆ ವ್ಯಾಪಾರಿ ಅದಕ್ಕೆ ಕಾರಣನೂ ಹೇಳ್ತಾನೆ: ಕೊಳ್ಳೋರಿಗೆ ತಾವು ಏನು ಕೊಳ್ತಾ ಇದ್ದೀವಿ ಅಂತ ಗೊತ್ತಾಗ್ಲಿ ಅಂತ ಜೀವ ಇರೋವಾಗಲೇ ಮಾರ್ಬೇಕಾಗಿತ್ತಂತೆ. ಮೀನಿನ ಕಿವಿರು ಎತ್ತಿ ನೋಡದೆ ದುಡ್ಡು ಕೊಡದ ನಮಗೆ ಈ ನಿಯಮ ಹೊಸದೇನಲ್ಲ. ಇದರಿಂದ ಇನ್ನೊಂದೂ ಗೊತ್ತಾಗ್ತದೆ. ಜೀವಂತ ಬುರ್ಲಿ ಅಂದ್ಮೇಲೆ ಅದು ಬಲೆಗೆ ಬಿದ್ದಿದ್ದು. ಬಿಲ್ಲಿಗೆ ಬಿದ್ದ ಹಕ್ಕಿ ಸಂತೆಗೆ ಹೋಗ್ಲಿಲ್ಲ, ಮನೆಗೆ ಬಂತು.

ಮನೆಗೆ ಬಂದ ಮೇಲೆ ನಮ್ಮ ಕೆಲಸ. ಪುಕ್ಕ ತರಿದು, ಅರಿಶಿನ ಹಚ್ಚಿ, ಬೆಂಕಿಗೆ ಹಿಡಿದು ಸೀಸಿ, ತೊಳೆದು, ಇಡೀ ಹಕ್ಕಿನೇ ಸಾರಿಗೆ ಹಾಕೋದು. ಎಂಟು ಜನರ ಮನೆಗೆ ಎರಡು ಬುರ್ಲಿ ಬಂದ್ರೆ ಯಾರ ತಟ್ಟೆಗೆ ಏನು ಬೀಳ್ತದೆ? ನಮ್ಮಜ್ಜಿ ಹೇಳೋರು, ಬಾಣಂತಿಗೆ ಒಂದು, ಉಳಿದದ್ದು ಮಕ್ಕಳಿಗೆ, ಮಿಕ್ಕವರಿಗೆಲ್ಲ ಸಾರಿನ ಘಮ ಅಂತ. ಒಂದೊಂದು ಕುಲಕ್ಕೆ ಒಂದೊಂದು ಕಟ್ಟುನೂ ಇತ್ತು. ಚಿತ್ರದುರ್ಗದ ಕಡೆ ಮ್ಯಾಸ ಬೇಡರನ್ನೇ ನೋಡಿ, ಹೆಸರಲ್ಲೇ ಬೇಟೆ ಅದೆ, ಕೋಳಿ ಮಾತ್ರ ತಿನ್ನೋ ಹಾಗಿಲ್ಲ.

ಬೇಡರಿಗೆ ಆಯುಧ ಅಂದ್ರೆ ಅನ್ನದ ದಾರಿ. ಬ್ರಿಟಿಷರು 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಾನೂನು ತಂದಾಗ ಮುಧೋಳದ ಹತ್ತಿರ ಹಲಗಲಿಯ ಬೇಡರು ಕೊಡಲ್ಲ ಅಂತ ನಿಂತ್ರು. ನವೆಂಬರಿನಲ್ಲಿ ಸೈನ್ಯ ಬಂದು ಊರಿಗೇ ಬೆಂಕಿ ಇಡ್ತು, ಎಷ್ಟೋ ಜನರನ್ನ ಗಲ್ಲಿಗೆ ಹಾಕಿದ್ರು. ಅದರ ಲಾವಣಿನ ಇವತ್ತಿಗೂ ಹಾಡ್ತಾರೆ.

ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆ ಪ್ರಾಣಿ ಮತ್ತು ಮೀನಿನ ಸಂರಕ್ಷಣೆಗೆ ಕಾಯ್ದೆ ಬಂತು. ಆಮೇಲೆ 1972ರಲ್ಲಿ ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ ಮೊದಮೊದಲು ಸಣ್ಣ ಬೇಟೆಗೆ ಲೈಸೆನ್ಸ್ ತಗೊಳ್ಳೋ ಅವಕಾಶ ಇತ್ತು, 1991ರ ತಿದ್ದುಪಡಿ ಅದನ್ನೂ ತೆಗೀತು. ಈಗ ಬುರ್ಲಿ, ಗೌಜಲು ಹೊಡೆದ್ರೆ ಅಪರಾಧ. ಹಕ್ಕಿ ಹಿಡಿಯೋದೇ ಹೆಸರಾಗಿದ್ದ ಹಕ್ಕಿಪಿಕ್ಕಿ ಜನ ಊರೂರು ತಿರುಗಿ ಹೂವು, ಸರ, ಎಣ್ಣೆ ಮಾರೋ ಹಾಗಾಯ್ತು. ಕಾನೂನು ಬೇಕಾಗಿತ್ತು, ಸರಿ. ಆದ್ರೆ ಯಾವ ಕೂಗು ಯಾವ ಹಕ್ಕೀದು, ಯಾವ ತಿಂಗಳಲ್ಲಿ ಎಲ್ಲಿ ಮೊಟ್ಟೆ ಇಡ್ತದೆ ಅಂತ ಕಣ್ಣು ಮುಚ್ಚಿ ಹೇಳೋ ಜನರ ವಿದ್ಯೆನ ಯಾರೂ ಕೂರಿಸಿ ಕೇಳ್ಲಿಲ್ಲ.

ಹಾಗಾದ್ರೆ ಹೋಟ್ಲಲ್ಲಿ ಸಿಗೋ ಕ್ವೇಲ್ ಫ್ರೈ ಯಾವುದು, ಅಂಗಡೀಲಿ ಸಿಗೋ ಚುಕ್ಕಿ ಚುಕ್ಕಿ ಸಣ್ಣ ಮೊಟ್ಟೆ ಯಾವುದು ಅಂತ ಕೇಳ್ತೀರ. ಅದು ಜಪಾನಿ ತಳಿ, ಕೋಳಿ ಹಾಗೆ ಸಾಕೋ ಹಕ್ಕಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಅಮೆರಿಕದಿಂದ ತಂದ್ರು, ಅಲ್ಲಿಂದ ದೇಶಕ್ಕೆಲ್ಲ ಹರಡ್ತು. ಅದನ್ನ ತಿಂದ್ರೆ ತಪ್ಪಿಲ್ಲ. ಆದ್ರೆ ಹೊಲದಲ್ಲಿ ಕೂಗೋ ನಮ್ಮ ಬುರ್ಲಿ ಬೇರೆ.

ಬಿಲ್ಲು ಹೋಗಿ ಎಷ್ಟೋ ವರ್ಷ ಆಯ್ತು, ಬಲೆಗೂ ಕಾನೂನು ಬಂತು. ಹಾಗಿದ್ರೆ ಹೊಲದ ತುಂಬಾ ಬುರ್ಲಿ ಇರ್ಬೇಕಿತ್ತು ಅಲ್ವಾ? ನಾನು ಕೇಳಿಸ್ಕೊಳ್ಳೋ ಕೂಗು ಮಾತ್ರ ವರ್ಷ ವರ್ಷ ಕಡಿಮೆನೇ ಆಗ್ತಾ ಅದೆ. ನನ್ನ ಲೆಕ್ಕದಲ್ಲಿ ಕಾರಣ ಹೊಲದಲ್ಲೇ ಅದೆ. ಮುಂಚೆ ರಾಗಿ ನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಆಮೇಲೆ ಹುರುಳಿ. ಬದು ಅಗಲ, ಬದು ತುಂಬಾ ಹುಲ್ಲು. ಹಕ್ಕಿಗೆ ಹುಲ್ಲಿನ ಬೀಜ, ಗೆದ್ದಲು, ಬಚ್ಚಿಟ್ಕೊಳ್ಳೋಕೆ ಜಾಗ, ಎಲ್ಲಾ ಅಲ್ಲೇ. ಆಮೇಲೆ ಎಷ್ಟೋ ರಾಗಿ ಹೊಲ ನೀಲಗಿರಿ ತೋಪಾಯ್ತು. ನೀಲಗಿರಿ ಕೆಳಗೆ ಏನು ಬೆಳೀತದೆ, ನೀವೇ ನೋಡಿದ್ದೀರ. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡೋದನ್ನ ನಿಲ್ಲಿಸ್ತು. ಉಳಿದ ಹೊಲದಲ್ಲಿ ಟೊಮೇಟೊ, ಔಷಧಿ ಸಿಂಪಡಣೆ. ಬದು ಅನ್ನೋದು ಒಂದು ಗೇಣು. ಒಂದು ಉಂಡೆ ಒಂದು ಹಕ್ಕಿನ ಹೊಡೀತಾ ಇತ್ತು, ಒಂದು ಬದು ಕಿತ್ರೆ ಅದರ ಮೊಟ್ಟೆ, ಮರಿ, ಮೇವು ಎಲ್ಲಾ ಒಟ್ಟಿಗೆ ಹೋಗ್ತದೆ.

ನಮಗೆ ಹತ್ತಿರದ ಕಥೆ ಒಂದು ಬಾಕಿ ಅದೆ. ತಮಸಾ ನದಿ ದಡದಲ್ಲಿ ಬೇಡ ಜೋಡಿ ಕ್ರೌಂಚದಲ್ಲಿ ಗಂಡನ್ನ ಹೊಡೆದ, ಹೆಣ್ಣು ಹಕ್ಕಿ ಅಳೋದು ಕೇಳಿ ವಾಲ್ಮೀಕಿ ಬಾಯಿಂದ ಮೊದಲ ಶ್ಲೋಕ ಬಂತು ಅಂತ ರಾಮಾಯಣದಲ್ಲೇ ಅದೆ. ಆ ವಾಲ್ಮೀಕಿನೂ ಮೊದಲು ಬೇಡನೇ ಆಗಿದ್ದ ಅಂತ ಜನ ಹೇಳ್ತಾರೆ. ಹಕ್ಕಿ ಹೊಡೆದವನೂ ಬೇಡ, ಹಕ್ಕಿಗಾಗಿ ಮರುಗಿದವನೂ ಬೇಡ. ಬೇಟೆಯವರನ್ನ ಬರೀ ಕ್ರೂರಿಗಳು ಅಂತ ಬಯ್ಯೋರಿಗೆ ಇದನ್ನ ನೆನಪು ಮಾಡ್ಬೇಕು.

ಕೊನೆಗೆ, ಕಳೆ ಕೀಳೋಕೆ ಹೋಗೋ ಅಕ್ಕಂದಿರಿಗೆ ಒಂದು ಮಾತು. ಬುರ್ಲಿ ಹಾಗೇ ಕಾಣೋ ಒಂದು ಹಕ್ಕಿ ಅದೆ, ಕಾಲಿಗೆ ಮೂರೇ ಬೆರಳು. ಅದರಲ್ಲಿ ಹೆಣ್ಣೇ ದೊಡ್ಡದು, ಹೆಣ್ಣಿಗೇ ಬಣ್ಣ, ಕೂಗಿ ಕರೆಯೋದೂ ಹೆಣ್ಣೇ. ಮೊಟ್ಟೆ ಇಟ್ಟು ಅದು ಹೊರಟುಹೋಗ್ತದೆ, ಕಾವು ಕೂತು ಮರಿ ಸಾಕೋದೆಲ್ಲ ಗಂಡು! ಹುಲ್ಲಿನ ಬುಡದಲ್ಲಿ ಮೂರು ನಾಲ್ಕು ಚುಕ್ಕಿ ಮೊಟ್ಟೆ ಕಂಡ್ರೆ ಆ ಒಂದು ಮಾರು ಜಾಗದ ಕಳೆ ಹಾಗೇ ಬಿಡಿ. ಹನ್ನೆರಡು ಹದಿಮೂರು ದಿನ ಸಾಕು, ಮರಿ ಹೊರಗೆ ಬಂದ ಕೂಡಲೇ ಓಡ್ತಾವೆ. ರಾಗಿ ಅಷ್ಟರಲ್ಲಿ ಏನೂ ಕೆಡಲ್ಲ.

ನಿಮ್ಮ ತವರಲ್ಲಿ ಈ ಹಕ್ಕಿಗೆ ಏನಂತಾರೆ, ಮನೇಲಿ ಹಳೇ ಉಂಡೇಲು ಯಾರಾದ್ರೂ ಇಟ್ಟಿದ್ದಾರಾ, ಹೇಳಿ. ಶ್ರೀನಿವಾಸಪುರದ ಕಡೆಯವರು, ಮಾಲೂರಿನವರು ಒಂದೊಂದು ಹೆಸರು ಹೇಳಿದ್ರೂ ಎಲ್ಲಾ ಸೇರಿಸಿ ಬರೆದಿಡ್ತೀನಿ.